ಕುರಿಗಿಂತ ಮೊದಲು ಮಂದೆ

ನಮ್ಮ ಕಾಲೇಜಿನ ಪೇಂಟಿಂಗ್ ತರಗತಿಯ ಪಾಠಗಳಲ್ಲಿ ಇಂದಿಗೂ ಕೈಗೆ ಒದಗುವುದು ಕುರಿಮಂದೆಯ ಪಾಠ. 1864ರಲ್ಲಿ ಪ್ಯಾರಿಸ್ ಸಲೋನ್ ಎಂಬ ಕಲಾಪ್ರದರ್ಶನದಲ್ಲಿದ್ದ, ಫ್ರೆಂಚ್ ಚಿತ್ರಕಾರ ಮಿಲೆಯ ಕುರಿಗಾಹಿ ಹುಡುಗಿಯ ಚಿತ್ರದ ಪ್ರಿಂಟ್ ತೋರಿಸಿ ಮೇಷ್ಟ್ರು, "ಕುರಿ ಎಷ್ಟಿವೆ, ಎಣಿಸಿ" ಅನ್ನುತ್ತಿದ್ದರು. ಲೆಕ್ಕ ಸಿಗುತ್ತಿರಲಿಲ್ಲ. ಕಾಣುವುದು ಬೆಳಕು ತಾಗಿದ ಬೆನ್ನುಗಳ ಸಾಲು. ಉಳಿದದ್ದೆಲ್ಲ ನೆರಳಲ್ಲಿ ಒಂದಕ್ಕೊಂದು ಬೆರೆತುಹೋಗಿದೆ.

ಹಾಗಾಗಿ ಮೊದಲು ಮಂದೆಯನ್ನು ಒಂದೇ ಆಕಾರವಾಗಿ ಹಾಕಬೇಕು: ಟರ್ಪಂಟೈನ್‌ನಲ್ಲಿ ತೆಳುವಾಗಿಸಿದ ರಾ ಅಂಬರ್ (ಕಂದು ಎಣ್ಣೆಬಣ್ಣ), ಅಗಲದ ಬ್ರಷ್. ಮೇಲಿನ ಪದರಗಳಿಗೆ ಹೋದಂತೆ ಎಣ್ಣೆ ಹೆಚ್ಚಬೇಕು. ತಿರುಗಾಮುರುಗಾ ಆದರೆ ಕೆಳಗಿನದು ಒಣಗುವ ಮೊದಲೇ ಮೇಲಿನದು ಬಿಗಿದು ಬಿರುಕು ಬಿಡುತ್ತದೆ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ನಿಂತು ನೋಡುವವನ ಕಣ್ಣಿನ ಎತ್ತರ (ದಿಗಂತದ ಗೆರೆ ಬರುವುದೂ ಇದೇ ಮಟ್ಟದಲ್ಲಿ) ಸುಮಾರು 150 ಸೆಂ.ಮೀ., ಕುರಿಯ ಬೆನ್ನು ಅದರ ಅರ್ಧದಷ್ಟು. ಅಂದರೆ ಸಮತಟ್ಟಾದ ಹುಲ್ಲುಗಾವಲಿನಲ್ಲಿ ಕುರಿ ಹತ್ತಿರವಿರಲಿ, ದೂರವಿರಲಿ, ಗೊರಸಿನಿಂದ ದಿಗಂತದವರೆಗಿನ ಅಂತರದ ಅರ್ಧಕ್ಕೆ ಬೆನ್ನು ಬರಬೇಕು. ಲೆಕ್ಕ ತಪ್ಪಿತೋ, ದೂರದ ಕುರಿ ಎಮ್ಮೆಯಾಗುತ್ತದೆ. ಅದೇ ಲೆಕ್ಕದಲ್ಲಿ ಕಾಯುವವನ ತಲೆ ದಿಗಂತದ ಗೆರೆಗೆ ತಾಗುತ್ತದೆ. ಮಿಲೆ ಕಣ್ಣಿನ ಮಟ್ಟ ತಗ್ಗಿಸಿ ಹುಡುಗಿಯ ತಲೆಯನ್ನು ಆಕಾಶಕ್ಕೆ ಎತ್ತಿದ್ದಾನೆ.

ಉಣ್ಣೆ ಬಿಳಿಯಲ್ಲ. ಬಿಸಿಲಿನ ಕಡೆಗೆ ಬಿಳಿಯಲ್ಲಿ ಚೂರು ಯೆಲ್ಲೊ ಆಕರ್ (ಮಣ್ಣಿನ ಹಳದಿ). ನೆರಳಿಗೆ ಅಲ್ಟ್ರಾಮರೀನ್ (ಕಡುನೀಲಿ), ಬರ್ಂಟ್ ಸಿಯೆನಾ (ಕೆಂಗಂದು) ಕೂಡಿಸಿದ ಬೂದು. ಹೊಟ್ಟೆಯ ಅಡಿಗೆ ಹುಲ್ಲಿನಿಂದ ಪುಟಿದ ಹಸಿರಿನ ಛಾಯೆ. ಟ್ಯೂಬಿನ ಅಚ್ಚ ಬಿಳಿಯನ್ನು ಕೊನೆಗೆ ಎರಡು ಮೂರು ಬೆನ್ನುಗಳ ಅಂಚಿಗಷ್ಟೇ, ದಪ್ಪಗೆ, ಒಂದೇ ಸಲ ಒತ್ತಿ ಬಿಡಬೇಕು. ಮತ್ತೆ ತೀಡಿದರೆ ಕೆಳಗಿನ ಬೂದು ಎದ್ದು ಸುಣ್ಣದ ನೀರಿನಂತಾಗುತ್ತದೆ.

ಮುಂದಿನ ಮೂರು ನಾಲ್ಕು ಕುರಿಗಳಿಗೆ ಮಾತ್ರ ಮುಖ ಸಾಕು. ಕಿವಿ ಪಕ್ಕಕ್ಕೆ ಚಾಚಿರುತ್ತದೆ, ಇಲ್ಲವೇ ಜೋತಿರುತ್ತದೆ. ನೆಟ್ಟಗೆ ನಿಲ್ಲಿಸಿದರೆ ನಾಯಿ. ಪ್ರತಿ ಕುರಿಗೂ ನಾಲ್ಕು ಕಾಲು ಬರೆದರೆ ಗೂಟ ನೆಟ್ಟಂತೆ ಕಾಣುತ್ತದೆ, ಅರ್ಧ ಹುಲ್ಲಿನಲ್ಲಿ ಮುಳುಗಿಸಿ. ಮುಖವೇ ಬೇಡವೆಂದರೆ ಮಂದೆಯನ್ನು ಆಚೆಗೆ ತಿರುಗಿಸಬಹುದು. ಆದರೆ ಹಾಲೆಂಡಿನ ಚಿತ್ರಕಾರ ಆಂಟನ್ ಮೌವನ ಚಿತ್ರಗಳಲ್ಲಿ ನಮ್ಮತ್ತ ಬರುವ ಕುರಿಗಳಿಗೆ ಆಚೆ ಹೋಗುವ ಕುರಿಗಳಿಗಿಂತ ಹೆಚ್ಚು ಬೆಲೆಯಿತ್ತಂತೆ!

ಕಾಯುವವನ ಕೋಲು ಎಲ್ಲಕ್ಕಿಂತ ಕೊನೆಗೆ. ತೆಳುವಾದ ಬಣ್ಣ, ಉದ್ದ ಕೂದಲಿನ ರಿಗ್ಗರ್ ಬ್ರಷ್, ಮಣಿಕಟ್ಟು ಆಡಿಸದೆ ಭುಜದಿಂದ ಒಂದೇ ಎಳೆತ. ಸೊಟ್ಟಗಾದರೆ ತಿದ್ದಬೇಡಿ, ಬಟ್ಟೆಯಿಂದ ಒರೆಸಿ ಮತ್ತೆ ಎಳೆಯಿರಿ.