ಪಕ್ಕದ ಊರಿನ ಕಾಲೇಜಿಗೆ ಹೋಗಿ ಅಂದರು

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಮೂರು ವರ್ಷ ಮನೆಯಲ್ಲೇ ಇದ್ದೆ. ಹಾಸನದಲ್ಲಿ ಬಿಎಸ್ಸಿ ಮಾಡಿದ್ದೆ, ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಏನಾದರೂ ಕೆಲಸ ಹಿಡಿಯಬೇಕು ಅನ್ನಿಸಿತು. ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ (ಹೆಚ್ಚಾಗಿ ಎರಡು ವರ್ಷದೊಳಗಿನ ಕೋರ್ಸುಗಳಿರುವ ಸರ್ಕಾರಿ ಕಾಲೇಜು) ಹೋಗಿ ಲ್ಯಾಬ್ ಕೆಲಸಕ್ಕೆ ಆಗುವಂಥ ಕೋರ್ಸ್ ಇದೆಯಾ ಅಂತ ಕೇಳಿದೆ. ಅಲ್ಲಿನ ಕೌನ್ಸೆಲರ್, "ನಮ್ಮಲ್ಲಿ ಇಲ್ಲ, ಪಕ್ಕದ ಊರಿನ ಕಾಲೇಜಿನಲ್ಲಿ ಚೆನ್ನಾಗಿದೆ, ಅಲ್ಲಿಗೇ ಹೋಗಿ" ಅಂದು ಫೋನ್ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಬಾಗಿಲಿಗೆ ಬಂದ ವಿದ್ಯಾರ್ಥಿಯನ್ನು ಇನ್ನೊಂದು ಕಾಲೇಜಿಗೆ ತಾವಾಗಿಯೇ ಕಳಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಕ್ಯಾಲಿಫೋರ್ನಿಯಾದಲ್ಲಿ 116 ಸರ್ಕಾರಿ ಕಮ್ಯುನಿಟಿ ಕಾಲೇಜುಗಳಿವೆ. ಕೆಲಸಕ್ಕೆ ತಯಾರು ಮಾಡುವ ಕೋರ್ಸುಗಳ ವಿಷಯಕ್ಕೆ ಬಂದರೆ ಒಂದೊಂದು ಭಾಗದ ಕಾಲೇಜುಗಳು ಒಂದೊಂದು ಗುಂಪಾಗಿವೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ನಮ್ಮ ಬೇ ಏರಿಯಾ ಗುಂಪಿನಲ್ಲಿ 28 ಕಾಲೇಜು. ಯಾರಾದರೂ ಹೊಸ ಕೋರ್ಸ್ ಶುರು ಮಾಡಬೇಕಾದರೆ ಮೊದಲು ಈ ಗುಂಪಿನ ಮುಂದೆ ಇಡಬೇಕು. ಈ ಭಾಗದಲ್ಲಿ ಆ ಕೆಲಸಕ್ಕೆ ಜನ ಬೇಕಾಗಿದ್ದಾರಾ, ಪಕ್ಕದ ಕಾಲೇಜಿನಲ್ಲಿ ಅದೇ ಕೋರ್ಸ್ ಆಗಲೇ ಸಾಕಷ್ಟು ನಡೀತಿದೆಯಾ ಅಂತ ನೋಡಿ, ಗುಂಪು ಶಿಫಾರಸು ಮಾಡಿದ ಮೇಲೆ ರಾಜ್ಯದ ಕಚೇರಿಗೆ ಹೋಗುತ್ತದೆ. ಹಾಗಾಗಿ ಡೆಂಟಲ್ ಹೈಜೀನ್ (ಹಲ್ಲು ಶುಚಿ ಮಾಡುವ ಕೆಲಸ) ಬೇಕಾದರೆ ಫುಟ್‌ಹಿಲ್, ಮರಗೆಲಸ ಕಲಿಯಬೇಕಾದರೆ ಓಕ್‌ಲ್ಯಾಂಡಿನ ಲೇನಿ, ಕಾರ್ ರಿಪೇರಿಗೆ ಡಿ ಆನ್ಜಾ, ಹೀಗೆ.

ಬರೀ ಸಭೆ ಸೇರಿದ್ದರೆ ಇದು ನಡೀತಿರಲಿಲ್ಲ ಅಂತ ನನಗನ್ನಿಸುತ್ತೆ. 2016ರಲ್ಲಿ ರಾಜ್ಯ ಸರ್ಕಾರ 'ಸ್ಟ್ರಾಂಗ್ ವರ್ಕ್‌ಫೋರ್ಸ್' ಅನ್ನೋ ಯೋಜನೆ ತಂದು ವರ್ಷಕ್ಕೆ 20 ಕೋಟಿ ಡಾಲರ್ ಇಟ್ಟಿತು. ಅದರಲ್ಲಿ ಶೇ. 60 ಆಯಾ ಕಾಲೇಜುಗಳಿಗೆ, ಶೇ. 40 ಕಾಲೇಜುಗಳು ಒಟ್ಟಾಗಿ ಮಾಡುವ ಕೆಲಸಕ್ಕೆ. ಒಟ್ಟಿಗೆ ಕೂತರೆ ಮಾತ್ರ ಆ ನಲವತ್ತರ ಪಾಲು ಸಿಗೋದು, ಅದಕ್ಕೇ ಕೂರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ ಅಲ್ವಾ?

ಆ ಪಕ್ಕದ ಊರಿನ ಕಾಲೇಜಿಗೇ ಸೇರಿದೆ, ಅಲ್ಲಿನ ನನ್ನ ಮೊದಲ ಲ್ಯಾಬ್ ಕ್ಲಾಸ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಗಂಟೆ ಬರೀ ನೀರು. ದ್ರವ ಅಳೆದು ಎಳೆಯುವ ಪಿಪೆಟ್‌ನಲ್ಲಿ 100 ಮೈಕ್ರೋಲೀಟರ್ ನೀರು ಎಳೆದು ತಕ್ಕಡಿಯ ಮೇಲಿನ ಪುಟ್ಟ ಬಟ್ಟಲಿಗೆ ಬಿಡಬೇಕು, 0.1 ಗ್ರಾಂ ತೋರಿಸಬೇಕು. ನನ್ನದು 0.09, ಆಮೇಲೆ 0.11. ಮೇಡಂ ಬಂದು ನನ್ನ ಹೆಬ್ಬೆರಳನ್ನೇ ನೋಡುತ್ತಾ ನಿಂತರು. ಎಳೆಯುವಾಗ ಗುಂಡಿಯನ್ನು ಮೊದಲ ತಡೆವರೆಗೆ ಮಾತ್ರ ಒತ್ತಬೇಕು, ಬಿಡುವಾಗ ಎರಡನೇ ತಡೆವರೆಗೆ. ನಾನು ಎರಡಕ್ಕೂ ಪೂರ್ತಿ ಒತ್ತುತ್ತಿದ್ದೆ, ಸಾಲದ್ದಕ್ಕೆ ಗಡಿಬಿಡಿಯಲ್ಲಿ ಬೆರಳು ಬೇಗ ಬಿಡುತ್ತಿದ್ದೆ. ಬಿಎಸ್ಸಿಯಲ್ಲಿ ನಾನು ಪಿಪೆಟ್ ಮುಟ್ಟಿದ್ದು ಪ್ರಾಕ್ಟಿಕಲ್ ಪರೀಕ್ಷೆಗೆ ಮಾತ್ರ. ಪಕ್ಕದ ಬೆಂಚಿನಲ್ಲಿ ಗೋದಾಮಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದಿದ್ದ ಒಬ್ಬರಿದ್ದರು, ಅವರದ್ದು ಮೊದಲ ದಿನವೇ ಸರಿ ಬಂತು!

ಏನು ಕಲಿಸಬೇಕು ಅಂತ ಹೇಳಲು ಕಂಪನಿಯವರೂ ಕಾಲೇಜಿಗೆ ಬರುತ್ತಾರೆ. ಒಂದು ಸಲ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರು ದೊಡ್ಡ ವಿಜ್ಞಾನ ಕೇಳಲಿಲ್ಲ. ಮಾಡಿದ್ದನ್ನು ಆಗಿಂದಾಗ ಬರೆದಿಡುವ ಅಭ್ಯಾಸ ಕಲಿಸಿ, ಬರೆಯದಿದ್ದರೆ ಆ ಕೆಲಸ ಆಗೇ ಇಲ್ಲ ಅಂತ ನಮ್ಮಲ್ಲಿ ಲೆಕ್ಕ ಅಂದರು.

ಊರಲ್ಲಿ ನನ್ನ ತಮ್ಮ ಐಟಿಐ ಫಿಟ್ಟರ್. ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳು ಬಂದವು, ತುಂಬಾ ಒಳ್ಳೆಯದಾಯಿತು. ಇಲ್ಲಿನ ಕಥೆ ಹೇಳಿದಾಗ ಅವನು ಕೇಳಿದ್ದು ಒಂದೇ, "ಅಕ್ಕ, ಒಂದು ಕಾಲೇಜಿನ ಹುಡುಗ ಇನ್ನೊಂದು ಕಾಲೇಜಿನ ಮೆಷಿನ್ ಮುಟ್ಟಬಹುದಾ?" ಮುಟ್ಟಬಹುದು ಕಣೋ, ಅಲ್ಲಿ ಹೆಸರು ಹಚ್ಚಿ ಆ ಕ್ಲಾಸ್ ತಗೊಂಡರೆ ಆಯ್ತು ಅಂದೆ.

ಸಂಗಾತಿಯ ಕೆಲಸದಿಂದ ಇಲ್ಲಿಗೆ ಬಂದು ಮನೆಯಲ್ಲಿರುವವರು ದಯವಿಟ್ಟು ಒಮ್ಮೆ ವಿಚಾರಿಸಿ. ರಾಜ್ಯದ ನಿವಾಸಿ ಅಂತಾದರೆ ಬಹಳಷ್ಟು ಕಾಲೇಜುಗಳಲ್ಲಿ ಯೂನಿಟ್ಟಿಗೆ (ಕೋರ್ಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್ ಫೀಸು. ಆಗದಿದ್ದರೆ ಅದರ ಹಲವು ಪಟ್ಟು, ಅದಕ್ಕೇ ಆ ನಿಯಮ ಮೊದಲು ಕೇಳಿಕೊಳ್ಳಿ. ಬಹಳಷ್ಟು ಕಡೆ ಆಗಸ್ಟ್ ಕೊನೆಗೆ ಕ್ಲಾಸ್ ಶುರು, ಫುಟ್‌ಹಿಲ್ ಮತ್ತು ಡಿ ಆನ್ಜಾದಲ್ಲಿ ಸೆಪ್ಟೆಂಬರ್ ಕೊನೆಗೆ.