ಕಾಫಿ ಹೂವಿನ ಫೋಟೋ, ದೊಡ್ಡಪ್ಪನ ಕನ್ನಡಕ

ನಂಗೆ ಫೋಟೋ ತೆಗೆಯೋ ಹುಚ್ಚು ಹಿಡ್ದು ಆರು ವರ್ಷ ಆಯ್ತು. ಹಾಸನದಲ್ಲಿ ಮದುವೆ ಫೋಟೋ ತೆಗೆಯೋ ಹುಡುಗನೊಬ್ಬ ಹೊಸ ಕ್ಯಾಮೆರಾ ತಗೊಂಡಾಗ ಅವನ ಹಳೇ ಡಿಎಸ್ಎಲ್ಆರ್ ನಾನು ಕೊಂಡ್ಕೊಂಡೆ, ಅದರ ಜೊತೆ ಬಂದ 18-55 ಲೆನ್ಸ್ ಬಿಟ್ರೆ ಇನ್ನೊಂದು ಲೆನ್ಸ್ ಇವತ್ತಿಗೂ ಇಲ್ಲ. ಆ ಒಂದು ಲೆನ್ಸಿಗೂ ಒಂದ್ ಮಳೆಗಾಲದಲ್ಲಿ ಫಂಗಸ್ ಬಂತು, ಒಳಗಡೆ ಜೇಡರ ಬಲೆ ಥರ ಬಿಳಿ ಎಳೆ ಎಳೆ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಚಪ್ಪಲಿ, ಬೆಲ್ಟು, ಗೋಡೆ ಮೇಲಿನ ತಾತನ ಫೋಟೋ ಎಲ್ಲಕ್ಕೂ ಬೂಷ್ಟು ಹಿಡಿಯುತ್ತೆ, ಲೆನ್ಸನ್ನ ಮಾತ್ರ ಬಿಡುತ್ತಾ. ಕ್ಲೀನ್ ಮಾಡ್ಸಿ ಆಮೇಲಿಂದ ಒಂದು ಬಿಸ್ಕೆಟ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗಿಸ್ತೀನಿ. ದೊಡ್ಡಮ್ಮ ಅದನ್ನ ನೋಡಿ "ಮಗೂನೂ ಇಷ್ಟ್ ಜೋಪಾನ ಮಾಡಲ್ಲ ಕಣೋ ಜನ" ಅಂತಾರೆ.

ದೊಡ್ಡಪ್ಪಂದು ಸಕಲೇಶಪುರದಿಂದ ಹಾನುಬಾಳು ಕಡೆ ಹೋಗೋ ದಾರೀಲಿ ಸ್ವಲ್ಪ ಒಳಗೆ ಕಾಫಿ ತೋಟ. ಮೇಲ್ಗಡೆ ಅರೇಬಿಕಾ, ಕೆಳಗೆ ಹಳ್ಳದ ಬದಿ ರೊಬಸ್ಟಾ, ಸಿಲ್ವರ್ ಓಕ್ ಮೇಲೆ ಮೆಣಸಿನ ಬಳ್ಳಿ, ಎಲ್ಲರ ತೋಟ ಹೇಗೋ ಹಾಗೇ. ನಾನು ಹಾಸನದಲ್ಲಿ ಕೆಲಸ ಮಾಡೋನು, ತಿಂಗಳಿಗೊಂದ್ಸಲ ಹೋಗ್ತೀನಿ. ಮಾರ್ಚ್ ಕೊನೇ ಭಾನುವಾರ ಹೋಗಿದ್ದು ಮಾತ್ರ ಕಾಫಿ ಹೂವಿಗೋಸ್ಕರ.

ಹೂವಿನ ವಿಷಯ ಗೊತ್ತಿಲ್ದಿರೋರಿಗೆ ಹೇಳ್ಬೇಕು ಅಂದ್ರೆ ಅದು ಕ್ಯಾಲೆಂಡರ್ ನೋಡಿ ಬರೋದಲ್ಲ, ಮಳೆ ನೋಡಿ ಬರೋದು. ಹೂಮಳೆ ಅಂತೀವಿ, ಒಂದಿಂಚಿನ ಹತ್ತಿರ ಚೆನ್ನಾಗಿ ಬಿದ್ರೆ ಎಂಟ್ಹತ್ತು ದಿನಕ್ಕೆ ಗಿಡ ಎಲ್ಲ ಬಿಳಿ. ಆ ವಾರ ನಮ್ಮ ಕಡೆ ಫೋನಲ್ಲಿ ಬೇರೆ ಮಾತೇ ಇರಲ್ಲ, "ನಿಮ್ಮಲ್ಲೆಷ್ಟು ಬಿತ್ತು?" "ತೊಂಬತ್ತು ಸೆಂಟ್", "ನಮ್ಗೆ ಬರೀ ಮೂವತ್ತು, ಗುಡುಗಿದ್ದೇ ಬಂತು ಮಾರಾಯ". ನೂರು ಸೆಂಟ್ ಅಂದ್ರೆ ಒಂದಿಂಚು ಮಳೆ. ನಮ್ಮ ತೋಟಕ್ಕೆ ಒಂದಿಂಚು ಹತ್ತು ಸೆಂಟ್ ಬಿದ್ದಿತ್ತು ಅಂತ ದೊಡ್ಡಪ್ಪ ಫೋನ್ ಮಾಡಿ ಹೇಳಿದ್ರು, ನಾನು ಬೆರಳೆಣಿಸಿ ಒಂಬತ್ತನೇ ದಿನಕ್ಕೆ ಸರಿಯಾಗಿ ಹೋದೆ. ಯಾಕಂದ್ರೆ ಆ ಬಿಳುಪು ಇರೋದು ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಹಳೇ ಹತ್ತಿ ಥರ ಕಾಣುತ್ತೆ.

ಬೆಳಿಗ್ಗೆ ಆರಕ್ಕೇ ಹೊರಟೆ, ಬಾಗಿಲು ದಾಟೋ ಮುಂಚೆ ದೊಡ್ಡಮ್ಮ ಒಳಗಿಂದಲೇ "ಆನೆ ಮೆಸೇಜ್ ನೋಡ್ದ್ಯೇನೋ?" ಅಂದ್ರು. ನಮ್ಮ ತಾಲೂಕಲ್ಲಿ ಬೆಳಿಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ಆನೆ ಎಲ್ಲಿದೆ ಅಂತ ಮೊಬೈಲ್ ನೋಡೋದು ಈಗ ಅಭ್ಯಾಸ ಆಗಿಹೋಗಿದೆ. ಅವತ್ತು ಗುಂಪು ದೂರ ಇತ್ತು, ಆದ್ರೂ ದೊಡ್ಡಪ್ಪ "ಏಳಕ್ಕೆ ಮುಂಚೆ ಬೇಡ" ಅಂತ ಕೂರಿಸಿ ಕಾಫಿ ಕೊಡಿಸಿದ್ರು, ನನ್ನ ಒಳ್ಳೇ ಬೆಳಕೆಲ್ಲ ಆ ಲೋಟದಲ್ಲೇ ಮುಳುಗ್ತು.

ತೋಟದೊಳಗೆ ಹೋದ್ರೆ ವಾಸನೆ, ಮಲ್ಲಿಗೆ ಥರ ಅಂತ ಎಲ್ಲರೂ ಹೇಳೋದೇ, ಆದ್ರೆ ಮಲ್ಲಿಗೆ ಮುಡಿಯಲ್ಲಿ ಒಂದು ಮೊಳ ಇರುತ್ತೆ, ಇಲ್ಲಿ ಹತ್ತು ಎಕರೆ. ಜೇನು ಗುಂಯ್ ಅನ್ನೋ ಸದ್ದು ಬೇರೆ. ಕಷ್ಟ ಏನಂದ್ರೆ ಫೋಟೋದಲ್ಲಿ ಇದ್ಯಾವುದೂ ಬರಲ್ಲ. ಬಿಳಿ ಹೂವು ಸುತ್ತ ಕಡುಹಸಿರು ಎಲೆ, ಕ್ಯಾಮೆರಾ ಎಲೆ ನೋಡಿ ಕತ್ತಲೆ ಅಂದ್ಕೊಂಡು ಎಲ್ಲ ಬೆಳ್ಳಗೆ ಮಾಡುತ್ತೆ, ಹೂವಿನ ಎಸಳೆಲ್ಲ ಅಳಿಸಿಹೋಗಿ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಕೆಳಗಿಳಿಸಿದ್ರೆ, ಅಂದ್ರೆ ಬೆಳಕು ಅರ್ಧಕ್ಕೆ ಇಳಿಸಿದ್ರೆ, ಎಸಳು ಉಳಿಯುತ್ತೆ, ಇದು ನಾನು ಮೂರು ವರ್ಷ ಹೂವು ಹಾಳು ಮಾಡಿ ಕಲಿತದ್ದು. ಇನ್ನೊಂದು ಕಷ್ಟ ಮರಗಳ ನೆರಳು. ಒಂದು ಕಡೆ ಮಾತ್ರ, ಮೇಲಿನ ಪಟ್ಟೆಯಲ್ಲಿ, ಹೋದ ಮಳೆಗಾಲ ದೊಡ್ಡ ಮರ ಒಂದು ಬಿದ್ದು ಆಕಾಶ ತೆರ್ಕೊಂಡಿತ್ತು, ಅಲ್ಲಿ ಬಿಸಿಲು ಓರೆಯಾಗಿ ಬಂದು ಹೂವಿನ ಮೇಲೆ ಬೀಳ್ತಿತ್ತು, ಅಲ್ಲೇ ಒಂದು ಗಂಟೆ ಕೂತು ತೆಗೆದೆ. ಒಂದು ಗಿಡ ಅಂತೂ ಎಲೆಗಳೆಲ್ಲ ಹೊಂಬಣ್ಣಕ್ಕೆ ತಿರುಗಿ ಅದರ ಮಧ್ಯೆ ಬಿಳಿ ಹೂವಿನ ಗೊಂಚಲು, ಹಿಂದೆ ಬೆಳಕು, ನನ್ನ ಆರು ವರ್ಷದಲ್ಲಿ ಅಂಥದ್ದೊಂದು ಸಿಕ್ಕಿರಲಿಲ್ಲ. ಅಲ್ಲೇ ನಿಂತು ಸ್ಟೇಟಸ್ಸಿಗೆ ಹಾಕ್ಬಿಡೋಣ ಅಂದ್ರೆ ನೆಟ್‌ವರ್ಕ್ ಇಲ್ಲ.

ಸಂಜೆ ಮನೇಲಿ ಜನ ಇದ್ರು. ಅರಕಲಗೂಡಿಂದ ಅತ್ತೆ ಬಂದಿದ್ರು, ತೋಟದ ಆಳು, ಲೆಕ್ಕ ನೋಡ್ಕೊಳ್ಳೋ ರೈಟರಣ್ಣ ಬಟವಾಡೆ ಲೆಕ್ಕ ಒಪ್ಪಿಸೋಕೆ ಬಂದು ಕೂತಿದ್ದ. ದೊಡ್ಡಮ್ಮನೇ "ಅದೇನ್ ತೆಗ್ದಿದ್ಯೋ ತೋರ್ಸು, ಟಿವಿಗೆ ಹಾಕು" ಅಂದ್ರು. ಪೆನ್‌ಡ್ರೈವಲ್ಲಿ ಒಂದು ವರ್ಷದ್ದೆಲ್ಲ ಇತ್ತು, ಟಿವಿಗೆ ಚುಚ್ಚಿದೆ. ಫೋಟೋ ತೋರ್ಸೋದು ಅಂದ್ರೆ ನಂಗೆ ಪರೀಕ್ಷೆಗೆ ಕೂತ ಹಾಗೇ, ಎದೆ ಹೊಡ್ಕೊಳ್ಳುತ್ತೆ, ನೋಡೋರು ಮನೆಯವರೇ ಆದ್ರೂ.

ಮೊದಲು ಬಂದಿದ್ದು ಮಂಜರಾಬಾದ್ ಕೋಟೆ. ಟಿಪ್ಪು ಕಾಲದ್ದು, 1792, ಎಂಟು ಮೂಲೆ ನಕ್ಷತ್ರದ ಆಕಾರ. ಅತ್ತೆ ಕನ್ನಡಕ ಸರಿ ಮಾಡ್ಕೊಂಡು "ನಕ್ಷತ್ರ ಎಲ್ಲಿ?" ಅಂದ್ರು. ಅದು ಮೇಲಿಂದ ನೋಡಿದ್ರೆ ಕಾಣೋದು ಅತ್ತೆ, ಡ್ರೋನ್ ಬೇಕು, ಅಂದೆ. "ಮತ್ತೆ ಇದು ಬರೀ ಗೋಡೆ" ಅಂದ್ರು. ಸರೀನೇ, ನನ್ನ ಫೋಟೋದಲ್ಲಿ ಇದ್ದದ್ದು ಪಾಚಿ ಹಿಡ್ದ ಒಂದು ಗೋಡೆ ಮತ್ತೆ ಯಾರೋ ಬಿಟ್ಟುಹೋದ ಚಿಪ್ಸ್ ಕವರ್.

ಆಮೇಲೆ ಬೇಲೂರು. ಮದನಿಕೆಯರನ್ನ ತೆಗೆಯೋಕೆ ಹೋಗಿ ನಾನು ಕುತ್ತಿಗೆ ಉಳುಕಿಸಿಕೊಂಡಿದ್ದೆ, ಅವರು ಇರೋದು ಸೂರಿನ ಕೆಳಗೆ ಎತ್ತರದಲ್ಲಿ, ಹಿಂದೆ ಆಕಾಶ ಬೆಳ್ಳಗೆ, ಮುಂದೆ ಕಲ್ಲು ಕಪ್ಪಗೆ, ಮಧ್ಯಾಹ್ನ ಹೋದ್ರೆ ಮುಗೀತು ಕಥೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನ, ಒಂಬೈನೂರು ವರ್ಷದಿಂದ ದರ್ಪಣ ಸುಂದರಿ ಕನ್ನಡಿ ಹಿಡ್ಕೊಂಡು ನಿಂತಿದ್ದಾಳೆ, ನನ್ನ ಫೋಟೋದಲ್ಲಿ ಮುಖಾನೇ ಕಾಣಲ್ಲ. ಅದೂ ಉದ್ದುದ್ದ ತೆಗೆದ ಫೋಟೋ ಟಿವಿಯಲ್ಲಿ ಅಡ್ಡ ಮಲಗಿಬಿಟ್ಟಿತ್ತು, ನಾಲ್ಕು ಜನವೂ ಒಂದೇ ಕಡೆ ಕತ್ತು ವಾಲಿಸಿಕೊಂಡು ನೋಡಿದ್ರು. ಆ ನೋಟದ ಫೋಟೋ ತೆಗೀಬೇಕಿತ್ತು ನಿಜ ಹೇಳ್ಬೇಕು ಅಂದ್ರೆ.

ಬೇಲೂರು, ಹಳೇಬೀಡಿನ ಮೂವತ್ತು ಫೋಟೋಗೆ ಒಟ್ಟು ಬಂದ ಪ್ರಶ್ನೆ ಒಂದೇ, ದೊಡ್ಡಮ್ಮಂದು. "ಇದ್ರಲ್ಲಿ ನೀನೆಲ್ಲಿ?" ನಾನು ತೆಗೆಯೋನಲ್ವಾ ದೊಡ್ಡಮ್ಮ ಅಂದ್ರೆ "ಜನ ಇಲ್ದಿರೋ ಫೋಟೋ ಯಾಕೆ, ಕಲ್ಲು ಅಲ್ಲೇ ಇರುತ್ತಲ್ಲ, ಹೋಗಿ ನೋಡ್ಬಹುದು" ಅಂತ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಇವತ್ತಿಗೂ ಇಲ್ಲ.

ಶೆಟ್ಟಿಹಳ್ಳಿ ಚರ್ಚ್ ಬಂದಾಗ ಮಾತ್ರ ರೂಮಿನ ಗಾಳಿ ಬೇರೆ ಆಯ್ತು. ಗೊರೂರು ಡ್ಯಾಮಿನ ಹಿನ್ನೀರಲ್ಲಿ ಅರ್ಧ ಮುಳುಗಿ ನಿಲ್ಲುತ್ತಲ್ಲ, ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಆಗಸ್ಟಲ್ಲಿ ತೆಗೆದಿದ್ದೆ, ನೀರು ಕಮಾನಿನ ಅರ್ಧಕ್ಕೆ ಬಂದಿತ್ತು. ನಂಗೆ ಅದು ನೆರಳು ಬಿಂಬ ಚೆನ್ನಾಗಿದೆ ಅನ್ನೋ ಫೋಟೋ. ಅತ್ತೆ ಸುಮ್ನೆ ನೋಡ್ತಾ ಇದ್ದು "ಆ ಹಿಂದಿನ ದಿಣ್ಣೆ ಹತ್ರ ಬಾ" ಅಂದ್ರು, ಝೂಮ್ ಮಾಡಿದೆ, ಏನೂ ಇಲ್ಲ, ಹುಲ್ಲು. ಅವರಿಗೆ ಗೊತ್ತಿದ್ದ ಒಂದು ಮನೆಯವರು ಹೇಮಾವತಿ ನೀರು ನಿಂತಾಗ ಜಮೀನು ಬಿಟ್ಟು ಬೇರೆ ಕಡೆ ಹೋಗಿ ನೆಲೆಸಿದವರಂತೆ, ಚಿಕ್ಕವರಿದ್ದಾಗ ಅಲ್ಲಿಗೆ ಊಟಕ್ಕೆ ಹೋಗಿದ್ರಂತೆ, ಅವರೆಕಾಳು ಸಾರು ಮಾಡಿದ್ರಂತೆ. ಸಾರಿನ ವಿಷಯ ಹತ್ತು ನಿಮಿಷ ಆಯ್ತು. ಬಿಂಬದ ಬಗ್ಗೆ ಯಾರೂ ಮಾತಾಡ್ಲಿಲ್ಲ.

ಕೊನೆಗೆ ಬೆಳಗಿನ ಹೂವು. ನಾನು ಬೇಕಂತಲೇ ಕೊನೆಗಿಟ್ಟಿದ್ದೆ. ದೊಡ್ಡಮ್ಮ "ಅಬ್ಬಾ" ಅಂದ್ರು, ಅತ್ತೆ "ನಮ್ಮ ತೋಟಾನೇನೋ ಇದು" ಅಂದ್ರು, ನಾನು ಸ್ವಲ್ಪ ಉಬ್ಬಿದೆ. ಆ ಹೊಂಬಣ್ಣದ ಗಿಡ ಬಂದ ತಕ್ಷಣ ದೊಡ್ಡಪ್ಪ ಕುರ್ಚಿಯಿಂದ ಎದ್ದು ಟಿವಿ ಹತ್ರ ಹೋದ್ರು. ಕನ್ನಡಕ ಹಣೆ ಮೇಲೆ ತಳ್ಳಿ ಮೂಗು ತಾಗೋ ಹಾಗೆ ನೋಡಿದ್ರು. ರೈಟರಣ್ಣನೂ ಎದ್ದು ಹೋದ.

"ಕೆಳಗೆ ತೋರ್ಸು. ಬುಡ."

ಹೂವು ಮೇಲಿದೆ ದೊಡ್ಡಪ್ಪ.

"ಹೂವು ಬಿಡೋ. ಬುಡ ತೋರ್ಸು."

ಅದೃಷ್ಟಕ್ಕೆ ಮುಂದಿನ ಫೋಟೋದಲ್ಲಿ ಗಿಡ ಪೂರ್ತಿ ಇತ್ತು. ಝೂಮ್ ಮಾಡಿದ್ರೆ ಕಾಂಡದ ತೊಗಟೆ ಮೇಲೆ ಗೆರೆ ಗೆರೆ ಉಬ್ಬು, ಮುದುಕರ ಕೈ ಮೇಲಿನ ನರದ ಹಾಗೆ. ರೈಟರಣ್ಣ ಹಲ್ಲಿನ ಸಂದಿಂದ "ಕೊರಕ" ಅಂದ. ನಾನು ಹೊಂಬಣ್ಣ ಅಂದ್ಕೊಂಡಿದ್ದು ಗಿಡ ಹಳದಿ ತಿರುಗಿದ್ದು, ಒಳಗೆ ಬಿಳಿ ಕಾಂಡಕೊರಕದ ಹುಳ ಕೂತು ತಿಂತಾ ಇದ್ದದ್ದು.

ನಿಮ್ಗೆ ಕಾಫಿ ತೋಟ ಇಲ್ಲ ಅಂದ್ರೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗಲ್ಲ. ಅರೇಬಿಕಾಗೆ ಇದರಷ್ಟು ಕೆಟ್ಟ ಶತ್ರು ಇಲ್ಲ, ಔಷಧಿ ಹೊಡೆದು ಒಳಗಿನ ಹುಳ ಸಾಯ್ಸೋಕೆ ಆಗಲ್ಲ, ಗಿಡ ಹುಡುಕಿ ಕಿತ್ತು ಸುಡೋದೇ ದಾರಿ, ಅದೂ ಏಪ್ರಿಲ್ ಮೇಯಲ್ಲಿ ಆ ಹುಳ ದುಂಬಿಯಾಗಿ ಹೊರಗೆ ಹಾರೋ ಮುಂಚೆ. ಮಾರ್ಚಲ್ಲಿ ಒಂದ್ಸಲ, ಸೆಪ್ಟೆಂಬರಲ್ಲಿ ಒಂದ್ಸಲ ಸಾಲು ಸಾಲು ನೋಡ್ಬೇಕು, ಟ್ರೇಸಿಂಗ್ ಅಂತಾರೆ. ಹೋದ ಸೆಪ್ಟೆಂಬರಲ್ಲಿ ಆಳು ಸಿಗದೆ ಮೇಲಿನ ಪಟ್ಟೆ ಹಾಗೇ ಬಿಟ್ಟುಹೋಗಿತ್ತು, ದೊಡ್ಡಪ್ಪ ಅದನ್ನ ಯಾರ ಮುಂದೆನೂ ಹೇಳಿರಲಿಲ್ಲ ಅಂತ ಕಾಣುತ್ತೆ, ರೈಟರಣ್ಣ ನೆಲ ನೋಡಿದ.

ನಂಗೆ ಹೆಚ್ಚು ನಾಟಿದ್ದು ಇನ್ನೊಂದು. ಅಲ್ಲೇ ಯಾಕೆ ಬಂತು ಅಂತ ಕೇಳಿದ್ದಕ್ಕೆ ದೊಡ್ಡಪ್ಪ "ಮರ ಬಿದ್ದು ನೆರಳು ಹೋಯ್ತಲ್ಲ, ದುಂಬಿಗೆ ಬಿಸಿಲು ಬೀಳೋ ಕಾಂಡ ಬೇಕು ಮೊಟ್ಟೆ ಇಡೋಕೆ" ಅಂದ್ರು. ಹತ್ತು ಎಕರೆ ಸುತ್ತಿ ನಾನು ಹುಡುಕಿದ ಬೆಳಕು, ಅದೇ ಬೆಳಕನ್ನ ಆ ದುಂಬಿ ನನಗಿಂತ ಮುಂಚೆ ಹುಡುಕಿತ್ತು.

ಬೆಳಿಗ್ಗೆ ನಾನು ಹಾಸನಕ್ಕೆ ಹೊರಡಬೇಕಿತ್ತು, ರಜೆ ಹಾಕಿದೆ. ಗಿಡ ಎಲ್ಲಿ ಅಂದ್ರೆ ನನಗೆ ಗೊತ್ತಿಲ್ಲ! ಒಂದು ಗಂಟೆ ಕೂತ ಜಾಗ, ಯಾವ ಸಾಲು ಅಂತ ಹೇಳೋಕೆ ಬರ್ಲಿಲ್ಲ, ನಾನು ನೋಡಿದ್ದು ವ್ಯೂಫೈಂಡರ್ ಒಳಗಿಂದ ತಾನೆ, ಎಡಕ್ಕೇನಿತ್ತು ಬಲಕ್ಕೇನಿತ್ತು ನೆನಪೇ ಇಲ್ಲ. ಕೊನೆಗೆ ದಾರಿ ತೋರ್ಸಿದ್ದು ಫೋಟೋದ ಹಿಂದಿನ ಮಬ್ಬು ಭಾಗ, ನಾನು ಬೇಕಂತಲೇ ಮಬ್ಬು ಮಾಡಿದ್ದು. ಅದರಲ್ಲಿ ಒಂದು ಸಿಲ್ವರ್ ಓಕ್ ಬೆಳ್ಳಗೆ ಗೀರಿದ ಹಾಗಿತ್ತು, ರೈಟರಣ್ಣ "ಇದು ಸಿಡಿಲು ಬಡಿದ ಮರ, ಬನ್ನಿ" ಅಂತ ನೇರ ಕರ್ಕೊಂಡ್ ಹೋದ.

ಒಂದಲ್ಲ, ಅಕ್ಕಪಕ್ಕ ಸೇರಿ ಏಳು ಗಿಡ. ಹೂವು ಹೊತ್ತ ಗಿಡ ಕೀಳೋದು ನೋಡೋಕಾಗಲ್ಲ. ರೈಟರಣ್ಣ ಕತ್ತಿಯಲ್ಲಿ ಒಂದು ಕಾಂಡ ಉದ್ದಕ್ಕೆ ಸೀಳಿ ತೋರಿಸಿದ, ಒಳಗೆ ಸುರಂಗ, ಸುರಂಗದ ತುಂಬ ಹಿಟ್ಟಿನ ಥರ ಪುಡಿ ಗಟ್ಟಿಯಾಗಿ ತುಂಬ್ಕೊಂಡಿತ್ತು, ಉಗುರಲ್ಲಿ ಕೆರೆದ್ರೆ ಉದುರುತ್ತೆ, ಅದರ ತುದೀಲಿ ಬೆಳ್ಳಗೆ ಒಂದು ಹುಳ, ಅಕ್ಕಿ ಶಾವಿಗೆ ತುಂಡಿನಷ್ಟು. ಅಷ್ಟೇ ಇರೋದು. ಗಿಡ ದೊಡ್ಡಪ್ಪ ಹನ್ನೆರಡು ವರ್ಷ ಸಾಕಿದ್ದು. ಪಕ್ಕದಲ್ಲೇ ರಾಶಿ ಹಾಕಿ ಬೆಂಕಿ ಕೊಟ್ರು, ಹಸಿ ಎಲೆ ಚಟಪಟ ಅಂತು, ಹೂವಿನ ವಾಸನೆ ಹೊಗೆ ಜೊತೆ ಸೇರಿ ಒಂಥರಾ ಆಯ್ತು, ನಾನು ಕ್ಯಾಮೆರಾ ತೆಗೀಲಿಲ್ಲ.

ದೊಡ್ಡಪ್ಪನೇ ಕೇಳಿದ್ರು, "ಆ ಮಿಷನ್ನಲ್ಲಿ ಬರೀ ಬುಡ ತೆಗ್ಯೋಕಾಗುತ್ತಾ?" ಅಂತ. ಅವರಿಗೆ ಮೊಣಕಾಲು ನೋವು, ಬಗ್ಗಿ ಬಗ್ಗಿ ಪ್ರತಿ ಗಿಡ ನೋಡೋಕಾಗಲ್ಲ, ರೈಟರಣ್ಣನ ಕಣ್ಣೂ ಮೊದಲಿನ ಹಾಗಿಲ್ಲ. ಮಧ್ಯಾಹ್ನದ ತನಕ ಮೇಲಿನ ಪಟ್ಟೆಯ ಗಿಡದ ಬುಡ ತೆಗೆದೆ, ಸಾಲಿನ ನಂಬರ್ ಸುಣ್ಣದಲ್ಲಿ ಕಲ್ಲಿನ ಮೇಲೆ ಬರೆದು ಅದನ್ನೂ ಮೊದಲ ಫೋಟೋದಲ್ಲಿ ಸೇರಿಸಿ. ಇನ್ನೂರು ಚಿಲ್ಲರೆ ಕಾಂಡ. ಇಷ್ಟು ಬೋರಿಂಗ್ ಫೋಟೋ ನನ್ನ ಜನ್ಮದಲ್ಲಿ ತೆಗೆದಿಲ್ಲ, ಆದ್ರೆ ಒಂದೂ ಅಲ್ಲಾಡಿಲ್ಲ. ವಾಟ್ಸಾಪಲ್ಲಿ ಸುಮ್ನೆ ಕಳಿಸಿದ್ರೆ ಸೈಜು ಕಮ್ಮಿ ಮಾಡಿ ತೊಗಟೆ ಗೆರೆ ಎಲ್ಲ ನುಣ್ಣಗಾಗುತ್ತೆ, ಅದಕ್ಕೆ ಡಾಕ್ಯುಮೆಂಟ್ ಅಂತ ಕಳಿಸೋದು ದೊಡ್ಡಮ್ಮನ ಫೋನಿಗೆ, ಅವರು ಟಿವಿಗೆ ಹಾಕೋದು, ದೊಡ್ಡಪ್ಪ ಕೂತಲ್ಲೇ ನೋಡೋದು, ಹೀಗೆ ವ್ಯವಸ್ಥೆ ಆಯ್ತು.

ಹೂವಿನ ಫೋಟೋ ಹಾಸನಕ್ಕೆ ಬಂದು ಸ್ಟೇಟಸ್ಸಿಗೆ ಹಾಕಿದೆ. ಆಫೀಸಿನವರು, ಬೆಂಗಳೂರು ಫ್ರೆಂಡ್ಸು ಎಲ್ಲ ಹಾರ್ಟ್ ಒತ್ತಿದ್ರು, ಒಬ್ಬ "ಸ್ವರ್ಗ ಗುರು, ಯಾವ ಜಾಗ, ಹೋಂಸ್ಟೇ ಇದ್ಯಾ" ಅಂತ ಕೇಳಿದ. ಅವನಿಗೆ ಏನ್ ಹೇಳೋದು ಅಂತ ಯೋಚಿಸ್ತಿರೋವಾಗ್ಲೇ ದೊಡ್ಡಪ್ಪನ ಫೋನು.

"ಹದಿನಾಲ್ಕನೇ ಸಾಲಲ್ಲಿ ಮೂರನೇ ಗಿಡಕ್ಕೆ ನಿನ್ನ ನೆರಳೇ ಬಿದ್ದಿದೆ ಕಣೋ, ಏನೂ ಕಾಣಲ್ಲ. ಈ ಭಾನುವಾರ ಬಂದು ಇನ್ನೊಂದ್ಸಲ ತೆಗಿ."