ತಪ್ಪನ್ನು ತಾವೇ ಬರೆದುಕೊಡಿ ಅಂದರೆ ಯಾರು ಬರೆಯುತ್ತಾರೆ?

ಅಮೆರಿಕದ ಕೆಲವು ರಾಜ್ಯಗಳ ಪರಿಸರ ಇಲಾಖೆಗಳು ಸಣ್ಣ ಉದ್ದಿಮೆಗಳಿಂದ ಸ್ವಯಂ ದೃಢೀಕರಣ ಬರೆಸಿಕೊಳ್ಳುತ್ತವೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಡ್ರೈಕ್ಲೀನಿಂಗ್ ಅಂಗಡಿಯವರು ‘ನಮ್ಮಲ್ಲಿ ಎಲ್ಲ ಸರಿಯಿದೆ’ ಎಂದು ಸಹಿ ಹಾಕಿ ಕಳಿಸಿದರೆ ನಂಬುವುದು ಹೇಗೆ?

ನಂಬಬೇಕಾಗಿಯೇ ಇಲ್ಲ. ಮಾಲೀಕರು ತುಂಬಿ ಸಹಿ ಹಾಕುವ ಅರ್ಜಿಯಲ್ಲಿ ಪ್ರಶ್ನೆಗಳನ್ನು ಹೇಗೆ ಬರೆದಿದ್ದಾರೆ, ತಪಾಸಣೆಗೆ ಅಂಗಡಿಗಳನ್ನು ಹೇಗೆ ಆರಿಸುತ್ತಾರೆ ಎಂಬ ಎರಡರ ಮೇಲೆ ಇಡೀ ಪದ್ಧತಿ ನಿಂತಿದೆ.

1990ರ ದಶಕದ ಉತ್ತರಾರ್ಧದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಇದನ್ನು ಡ್ರೈಕ್ಲೀನರ್, ಫೋಟೊ ಸಂಸ್ಕರಣೆ ಮತ್ತು ಮುದ್ರಣಾಲಯಗಳಲ್ಲಿ ಶುರು ಮಾಡಿತು. ಹೆಸರು ಎನ್‌ವಿರಾನ್‌ಮೆಂಟಲ್ ರಿಸಲ್ಟ್ಸ್ ಪ್ರೋಗ್ರಾಂ, ಚಿಕ್ಕದಾಗಿ ಇಆರ್‌ಪಿ. ನೂರಾರು ಪುಟ್ಟ ಅಂಗಡಿಗಳಿಗೆ ಒಂದೊಂದಾಗಿ ಪರವಾನಗಿ ಬರೆದು, ಒಂದೊಂದನ್ನೂ ಹೋಗಿ ನೋಡುವಷ್ಟು ಸಿಬ್ಬಂದಿ ಯಾವ ಇಲಾಖೆಯಲ್ಲೂ ಇರುವುದಿಲ್ಲ. ಹಾಗಾಗಿ ಇಡೀ ಕಸುಬಿಗೆ ಒಂದೇ ನಿಯಮಾವಳಿ, ಅದನ್ನು ಬಿಡಿಸಿ ಹೇಳುವ ಕೈಪಿಡಿ, ವರ್ಷಕ್ಕೊಮ್ಮೆ ಮಾಲೀಕರ ಸಹಿ.

‘ವಾಯುಮಾಲಿನ್ಯ ನಿಯಮ ಪಾಲಿಸುತ್ತಿದ್ದೀರಾ?’ ಎಂದು ಕೇಳಿದರೆ ‘ಹೌದು’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಬಟ್ಟೆಯ ಕೊಳೆ ತೆಗೆಯುವ ದ್ರಾವಕವಾದ ಪರ್ಕ್ಲೋರೋಎಥಿಲೀನ್ ಬಳಸುವ ಡ್ರೈಕ್ಲೀನರ್‌ಗಳಿಗೆ ಕೇಂದ್ರದ 1993ರ ನಿಯಮದಲ್ಲಿ ಕೇಳುವುದಕ್ಕೆ ಬೇಕಾದಷ್ಟು ಅಂಕಿಗಳಿವೆ. ಉಷ್ಣತೆ ನೋಡುವ ಪದ್ಧತಿಯಲ್ಲಿ, ದ್ರಾವಕದ ಆವಿಯನ್ನು ತಂಪಾಗಿಸಿ ಮತ್ತೆ ದ್ರವವಾಗಿಸುವ ಕಂಡೆನ್ಸರ್‌ನಿಂದ ಹೊರಬರುವ ಗಾಳಿ ತಂಪಾಗಿಸುವ ಹಂತದ ಕೊನೆಗೆ 7.2 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ವಾರಕ್ಕೊಮ್ಮೆ ಬರೆದಿಡಬೇಕು. ಸೋರಿಕೆ ಕಂಡರೆ 24 ಗಂಟೆಯೊಳಗೆ ಸರಿಪಡಿಸಬೇಕು. ಬಿಡಿಭಾಗ ಬೇಕಿದ್ದರೆ 2 ಕೆಲಸದ ದಿನಗಳಲ್ಲಿ ಆರ್ಡರ್ ಹಾಕಿ, ಬಂದ ಮೇಲೆ 5 ಕೆಲಸದ ದಿನಗಳಲ್ಲಿ ಜೋಡಿಸಬೇಕು. ಹಿಂದಿನ 12 ತಿಂಗಳಲ್ಲಿ ಎಷ್ಟು ದ್ರಾವಕ ಕೊಂಡರು ಎಂಬ ಲೆಕ್ಕವನ್ನು ತಿಂಗಳ ಮೊದಲ ದಿನವೇ ಕೂಡಿಡಬೇಕು. ಎಲ್ಲ ದಾಖಲೆಯೂ 5 ವರ್ಷ ಅಂಗಡಿಯಲ್ಲೇ ಇರಬೇಕು. ಇವನ್ನು ಒಂದೊಂದಾಗಿ ಕೇಳಿದರೆ ಸುಳ್ಳು ಬರೆಯುವವರಿಗೂ ತಾವು ಯಾವ ಸುಳ್ಳಿಗೆ ಸಹಿ ಹಾಕುತ್ತಿದ್ದೇವೆ ಎಂಬುದು ಸ್ಪಷ್ಟವಾಗಿ ಗೊತ್ತಿರುತ್ತದೆ.

ಇನ್ನೊಂದು ಕಾಗದವಿದೆ, ಅದನ್ನು ಬಿಟ್ಟರೆ ಪದ್ಧತಿಯೇ ಕುಸಿಯುತ್ತದೆ. ‘ಇಲ್ಲ’ ಎಂದು ಬರೆದವರು ಜೊತೆಗೆ ಏನು ತಪ್ಪಿದೆ, ಹೇಗೆ ಸರಿಪಡಿಸುತ್ತೇವೆ, ಯಾವ ತಾರೀಖಿನೊಳಗೆ ಎಂಬ ಯೋಜನೆ ಕೊಡಬೇಕು. ಇದಕ್ಕೆ ಬದಲಾಗಿ ನಿಜ ಬರೆದವರ ಮನೆಗೇ ಮೊದಲು ದಂಡದ ನೋಟಿಸ್ ಹೋದರೆ, ಮುಂದಿನ ವರ್ಷ ಬರುವುದೆಲ್ಲ ‘ಹೌದು’ಗಳೇ. ದಂಡವನ್ನು ಸುಳ್ಳು ಸಹಿಗೆ ಮೀಸಲಿಡಬೇಕು.

ಇನ್ನು ಅಂಗಡಿಗಳನ್ನು ಆರಿಸುವ ಲೆಕ್ಕ. ಮೊದಲ ಅರ್ಜಿ ಹೋಗುವ ಮುನ್ನವೇ ಒಂದು ಸುತ್ತು, ಆಮೇಲೆ ಅದೇ ಪ್ರಶ್ನಾವಳಿಯಲ್ಲಿ ಇನ್ನೊಂದು ಸುತ್ತು ಯಾದೃಚ್ಛಿಕ ತಪಾಸಣೆ, ಅಂದರೆ ಚೀಟಿ ಎತ್ತಿದಂತೆ ಆರಿಸಿದ ಅಂಗಡಿಗಳ ತಪಾಸಣೆ, ಆಗಬೇಕು. ಶೇ. 95 ವಿಶ್ವಾಸಮಟ್ಟ, ಶೇಕಡಾವಾರಿನಲ್ಲಿ 10 ಅಂಶಗಳ ಹೆಚ್ಚುಕಡಿಮೆ ಸಾಕು ಅಂದರೆ 5,000 ಅಂಗಡಿಗಳಲ್ಲಿ 95 ನೋಡಬೇಕು, 500ರಲ್ಲಿ 81, 200ರಲ್ಲಿ 66. ದೊಡ್ಡ ರಾಜ್ಯಕ್ಕೆ ಇದು ಏನೂ ಅಲ್ಲ, ಸಣ್ಣ ರಾಜ್ಯಕ್ಕೆ ಮೂರರಲ್ಲೊಂದು ಅಂಗಡಿ ಸುತ್ತಬೇಕಾದ ಕೆಲಸ. ಕೈಪಿಡಿ, ಪ್ರಶ್ನಾವಳಿ, ಮಾದರಿ ಲೆಕ್ಕದ ಹಾಳೆ ಇವನ್ನೂ ಪ್ರತಿ ರಾಜ್ಯ ಹೊಸದಾಗಿ ಮಾಡುತ್ತ ಕೂತರೆ ತಪಾಸಣೆಗೆ ಜನವೇ ಉಳಿಯುವುದಿಲ್ಲ. ಅದಕ್ಕೇ ರಾಜ್ಯಗಳು ಸ್ಟೇಟ್ಸ್ ಇಆರ್‌ಪಿ ಕನ್ಸೋರ್ಶಿಯಂ ಎಂಬ ಒಕ್ಕೂಟ ಕಟ್ಟಿಕೊಂಡವು. ಕೇಂದ್ರದ ಪರಿಸರ ಸಂಸ್ಥೆಯಾದ ಇಪಿಎ 2002ರಿಂದ ರಾಜ್ಯಗಳಿಗೆ ಕೊಟ್ಟ ನಾವೀನ್ಯ ಅನುದಾನದಲ್ಲೂ ಇಂಥ ಕೆಲಸಕ್ಕೆ ಹಣ ಸಿಕ್ಕಿತು. ರೋಡ್ ಐಲೆಂಡ್ ವಾಹನ ಬಾಡಿ ರಿಪೇರಿ ಗ್ಯಾರೇಜುಗಳಿಗೆ ಇದೇ ಚೌಕಟ್ಟನ್ನು ಹೊಂದಿಸಿಕೊಂಡಿತು.

ಕಡತ ಹಂಚಿಕೊಳ್ಳುವುದು ಸುಲಭ, ಅಳತೆಗೋಲು ಹೊಂದಿಸುವುದು ಕಷ್ಟ. ಅಪಾಯಕಾರಿ ತ್ಯಾಜ್ಯದ ಸಣ್ಣ ಉತ್ಪಾದಕರನ್ನೇ ನೋಡಿ. ಕೇಂದ್ರದ ನಿಯಮದಲ್ಲಿ ತಿಂಗಳಿಗೆ 100ರಿಂದ 1,000 ಕಿಲೋ ಒಳಗಿನವರು ಈ ವರ್ಗಕ್ಕೆ ಬರುತ್ತಾರೆ; ಸಾಮಾನ್ಯವಾಗಿ 180 ದಿನ ಇಟ್ಟುಕೊಳ್ಳಬಹುದು, ಡ್ರಮ್ಮಿನ ಮೇಲೆ ತುಂಬಲು ಶುರುಮಾಡಿದ ತಾರೀಖು ಇರಬೇಕು, ಸುರಿಯುವಾಗ ತೆಗೆಯುವಾಗ ಬಿಟ್ಟರೆ ಮುಚ್ಚಿರಬೇಕು. ಈಗ ಡ್ರಮ್ಮಿನ ಬಾಯಿಗೆ ಮುಚ್ಚಳವಿರುವ ಲಾಳಿಕೆ ತಿರುಗಿಸಿ ಕೂರಿಸಿದ್ದಾರೆ, ಕೊಕ್ಕೆ ಮಾತ್ರ ಹಾಕಿಲ್ಲ ಅನ್ನಿ. ಒಬ್ಬ ಇನ್‌ಸ್ಪೆಕ್ಟರ್‌ಗೆ ಅದು ಮುಚ್ಚಿದ ಡ್ರಮ್, ಇನ್ನೊಬ್ಬರಿಗೆ ತೆರೆದದ್ದು. ಒಂದು ರಾಜ್ಯದ ಪಾಲನೆ ಪ್ರಮಾಣ, ಅಂದರೆ ನಿಯಮ ಪಾಲಿಸುವವರ ಶೇಕಡಾವಾರು, ಇನ್ನೊಂದಕ್ಕಿಂತ ಚೆನ್ನಾಗಿ ಕಾಣುವುದಕ್ಕೆ ಇಷ್ಟು ಸಾಕು. ಈಶಾನ್ಯ ರಾಜ್ಯಗಳ ತ್ಯಾಜ್ಯ ಅಧಿಕಾರಿಗಳ ಸಂಘವಾದ ನ್ಯೂಮೋವಾ ಸಂಯೋಜಿಸಿದ ಕಾಮನ್ ಮೆಷರ್ಸ್ ಯೋಜನೆಯಲ್ಲಿ ಹಲವು ರಾಜ್ಯಗಳು ಕೂತು ಸಮಾನ ಸೂಚಕಗಳನ್ನು ಒಪ್ಪಿಕೊಂಡದ್ದು ಈ ಕಾರಣಕ್ಕೇ. ನನ್ನನ್ನು ಕೇಳಿದರೆ ಇಂಥ ಪ್ರಶ್ನೆಗಳಿಗೆ ಎರಡು ಫೋಟೊ, ಒಂದು ಜಂಟಿ ತರಬೇತಿ ಇಲ್ಲದೆ ತಪಾಸಣೆಗೆ ಇಳಿಯಲೇಬಾರದು.

ಉಳಿದ ಎಡವಟ್ಟುಗಳು ಬಹುಪಾಲು ಇಲಾಖೆಯ ಅಂಗಡಿ ಪಟ್ಟಿಯಿಂದ ಹುಟ್ಟುತ್ತವೆ. ಮುಚ್ಚಿಹೋದ ಅಂಗಡಿ, ಯಂತ್ರವೇ ಇಲ್ಲದೆ ಬಟ್ಟೆ ತೆಗೆದುಕೊಂಡು ಬೇರೆಡೆ ಕಳಿಸುವ ಅಂಗಡಿ ಎರಡೂ ಅದರಲ್ಲಿರುತ್ತವೆ. ಅಂಥದ್ದು ಸಿಕ್ಕಾಗ ‘ಬಂದಿದ್ದೇವಲ್ಲ’ ಎಂದು ಪಕ್ಕದ ಅಂಗಡಿ ನೋಡಿಬಂದರೆ ಯಾದೃಚ್ಛಿಕತೆ ಅಲ್ಲಿಗೇ ಮುಗಿಯಿತು. ಮೊದಲೇ ತೆಗೆದಿಟ್ಟ ಬದಲಿ ಪಟ್ಟಿಯಲ್ಲಿ ಮುಂದಿನದಕ್ಕೆ ಹೋಗಬೇಕು. ದೂರಿನ ಮೇಲೆ ನಡೆದ ತಪಾಸಣೆಯನ್ನು ಈ ಲೆಕ್ಕಕ್ಕೆ ಬೆರೆಸಬಾರದು. ಪಾಲನೆ ಶೇ. 60ರಿಂದ 70ಕ್ಕೆ ಏರಿತು ಎಂದು ಪತ್ರಿಕಾ ಹೇಳಿಕೆ ಕೊಡುವ ಮುನ್ನ ಮಾದರಿ ಎಷ್ಟಿತ್ತು ನೋಡಿ: ಎರಡೂ ಸುತ್ತಲ್ಲಿ 96 ಅಂಗಡಿಗಳಷ್ಟೇ ಆದರೆ ಆ ವ್ಯತ್ಯಾಸದ ದೋಷಮಿತಿಯೇ ಸುಮಾರು 13 ಅಂಶ, ಅಂದರೆ 10 ಅಂಶದ ಏರಿಕೆ ಬರೀ ಆಕಸ್ಮಿಕವೂ ಇರಬಹುದು.

ಇನ್ನು ಕಾನೂನು. ಮ್ಯಾಸಚೂಸೆಟ್ಸ್ ದೃಢೀಕರಣವನ್ನು ನಿಯಮದಲ್ಲೇ ಬರೆದು ಕಡ್ಡಾಯ ಮಾಡಿದೆ. ಅಂಥ ಅಧಿಕಾರ ಇಲ್ಲದ ರಾಜ್ಯ ಐಚ್ಛಿಕವಾಗಿ ನಡೆಸಿದರೆ ಅರ್ಜಿ ತುಂಬಿ ಕಳಿಸುವವರು ಹೆಚ್ಚಾಗಿ ಮೊದಲೇ ಸರಿಯಾಗಿದ್ದವರು. ಆಗ ಮಾದರಿಯನ್ನು ಅರ್ಜಿ ಕಳಿಸಿದವರೊಳಗಿಂದ ತೆಗೆಯದೆ, ಉತ್ತರ ಕೊಡದವರೂ ಸೇರಿದ ಪೂರ್ತಿ ಪಟ್ಟಿಯಿಂದಲೇ ತೆಗೆಯಬೇಕು.